ಬರುವ ತಿಂಗಳ ಉರ್ದು

ಆ ಪ್ಯಾಂಪ್ಲೆಟ್ಟಿನ ಕಾಗದ ನಮ್ಮ ಪ್ರೆಸ್ಸಿನಲ್ಲಿದ್ದ ಯಾವ ಕಾಗದಕ್ಕಿಂತಲೂ ದಪ್ಪವಾಗಿತ್ತು. ಪ್ರೆಸ್ಸಿನಲ್ಲಿ ಕೆಲಸ ಮಾಡುವವರಿಗೆ ಇದೊಂದು ಚಟ, ಏನು ಬರೆದಿದೆ ಎಂದು ಓದುವ ಮೊದಲು ಕಾಗದವನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತೇವೆ. ಉಜ್ಜಿದೆ. ಒಳ್ಳೆಯ ಆರ್ಟ್ ಪೇಪರು, ನಾಲ್ಕು ಬಣ್ಣ. ಆಮೇಲೆ ಓದಿದೆ. ನಾವು ಬಳಸುತ್ತಿದ್ದ ಕನ್ನಡ ತಂತ್ರಾಂಶದ ಹೊಸ ಆವೃತ್ತಿ ಬರುವ ತಿಂಗಳು ಬಿಡುಗಡೆಯಾಗುತ್ತದೆ, ಅದರಲ್ಲಿ ಕನ್ನಡ ಮತ್ತು ಉರ್ದು ಒಂದೇ ಪುಟದಲ್ಲಿ, ಒಂದೇ ಕೀಬೋರ್ಡಿನಿಂದ ಮೂಡುತ್ತವೆ ಎಂದಿತ್ತು. ಕೆಳಗೊಂದು ನಮೂನೆ: ಒಂದು ಸಾಲು ಕನ್ನಡ, ಅದರಡಿ ಒಂದು ಸಾಲು ಉರ್ದು. ಓರೆಯಾಗಿ ಇಳಿಯುವ, ನೋಡಲು ಬಹಳ ಚೆಂದದ ಅಕ್ಷರ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಸೇಡಂನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ನಾನು ಡಿಟಿಪಿ ಆಪರೇಟರ್. ನಮ್ಮ ಕಡೆ ಮುಸ್ಲಿಂ ಮನೆಗಳ ಮದುವೆ ಕಾರ್ಡು ಒಂದು ಭಾಷೆಯಲ್ಲಿ ಮುಗಿಯುವುದಿಲ್ಲ. ಎಡಗಡೆ ಕನ್ನಡ, ಅದು ಊರವರಿಗೆ ಮತ್ತು ಆಫೀಸಿನವರಿಗೆ. ಬಲಗಡೆ ಉರ್ದು, ಅದು ಮನೆಯ ಹಿರಿಯರಿಗೆ ಮತ್ತು ತಾಂಡೂರು, ಹೈದರಾಬಾದಿನ ನೆಂಟರಿಗೆ. ಕನ್ನಡದ ಭಾಗ ನನ್ನದು. ಟೈಪ್ ಮಾಡಿ, ಉರ್ದುವಿಗೆ ಬೇಕಾದಷ್ಟು ಜಾಗವನ್ನು ತೆಳು ಗೆರೆಯ ಚೌಕಟ್ಟಿನಲ್ಲಿ ಬಿಟ್ಟು, ಬಟರ್ ಪೇಪರಿನ ಮೇಲೆ ಲೇಸರ್ ಪ್ರಿಂಟ್ ತೆಗೆಯುತ್ತಿದ್ದೆ. ಆ ಚೌಕಟ್ಟನ್ನು ತುಂಬುತ್ತಿದ್ದವರು ಕಾತಿಬ್ ಚಾಚಾ. ಕಾತಿಬ್ ಎಂದರೆ ಅಚ್ಚಿಗಾಗಿ ಉರ್ದುವನ್ನು ಕೈಯಲ್ಲಿ ಬರೆದುಕೊಡುವವರು.

ಚಾಚಾ ಚಿತ್ತಾಪುರದವರು. ಮಂಗಳವಾರ ಮತ್ತು ಶನಿವಾರ ಬೆಳಗಿನ ಪ್ಯಾಸೆಂಜರಿಗೆ ಬಂದು ಮಧ್ಯಾಹ್ನದ ಗಾಡಿಗೆ ಹೋಗುತ್ತಿದ್ದರು. ಕಿಟಕಿಯ ಪಕ್ಕ ನೆಲದ ಮೇಲೆ ಕೂತು, ಬಲ ಮೊಣಕಾಲೆತ್ತಿ ಅದರ ಮೇಲೆ ಹಲಗೆಯಿಟ್ಟು ಬರೆಯುವುದು ಅವರ ರೂಢಿ. ತುದಿಯನ್ನು ಓರೆಯಾಗಿ ಕತ್ತರಿಸಿದ ಬೊರುವಿನ, ಅಂದರೆ ಜೊಂಡಿನ ಕಡ್ಡಿಯ, ಲೇಖನಿ. ಮೊದಲು ಅಕ್ಷರಗಳನ್ನೆಲ್ಲ ಬರೆದು ಮುಗಿಸಿ, ಕೊನೆಗೆ ಒಂದೇ ಸಲ ಚುಕ್ಕೆಗಳನ್ನು ಇಡುತ್ತಾ ಬರುತ್ತಿದ್ದರು. ಆಗ ಮಾತಾಡಿಸಿದರೆ ಉತ್ತರ ಸಿಗುತ್ತಿರಲಿಲ್ಲ. ಬರೆದದ್ದು ಒಣಗಿದ ಮೇಲೆ ನಾನು ಅದನ್ನು ಬ್ಲೇಡಿನಿಂದ ಕತ್ತರಿಸಿ ನನ್ನ ಕನ್ನಡದ ಪಕ್ಕ ಅಂಟಿಸುತ್ತಿದ್ದೆ, ಅದರಿಂದ ಅಚ್ಚೊತ್ತುವ ಪ್ಲೇಟು ಆಗುತ್ತಿತ್ತು. ಪ್ರೆಸ್ಸಿನಲ್ಲಿ ಮತ್ತೆ ಯಾರಿಗೂ ಉರ್ದು ಓದಲು ಬರುತ್ತಿರಲಿಲ್ಲ. ಹಾಗಾಗಿ ಪ್ರೂಫ್ ತಿದ್ದುವವರೂ ಅವರೇ.

ಪ್ಯಾಂಪ್ಲೆಟ್ಟನ್ನು ಮಾಲೀಕರಿಗೆ ತೋರಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ತಂತ್ರಾಂಶದ ಕಂಪನಿಯನ್ನು ಬೈಯುವುದಿದೆ.

ಗುಲ್ಬರ್ಗದ ಒಂದು ಲಾಡ್ಜಿನ ಹಾಲಿನಲ್ಲಿ ಡೆಮೊ ಇತ್ತು, ಮಾಲೀಕರ ಜೊತೆ ಹೋದೆ. ಜಿಲ್ಲೆಯ ಹತ್ತಾರು ಪ್ರೆಸ್ಸುಗಳವರು ಬಂದಿದ್ದರು. ಟೈ ಕಟ್ಟಿಕೊಂಡಿದ್ದ ಡೀಲರ್ ಒಂದು ಕನ್ನಡ ಸಾಲು ಟೈಪ್ ಮಾಡಿ ಒಂದು ಗುಂಡಿ ಒತ್ತಿದ. ಕೆಳಗೆ ಉರ್ದು ಸಾಲು ಮೂಡಿತು. ನಾನು ಎದ್ದು ಹತ್ತಿರ ಹೋದೆ.

"ನಾನೊಂದು ಹೆಸರು ಹೊಡೀಲೇನ್ರಿ?"

"ಇದು ಡೆಮೊ ಕಾಪಿ ಮೇಡಂ, ಲಾಕ್ ಮಾಡ್ಯಾರ. ಬರೋ ತಿಂಗಳು ಪೂರಾ ಕಾಪಿ ಬರ್ತದ, ಆವಾಗ ಬೇಕಾದಷ್ಟು ಹೊಡೀರಿ. ಊಟ ತಯಾರ್ ಅದ, ಬರ್ರಿ."

ಊಟಕ್ಕೆ ಹೋದೆವು. ಜಾಮೂನು ಚೆನ್ನಾಗಿತ್ತು. ಕೀಬೋರ್ಡಿನ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ತಿರುಗಿ ಬರುವಾಗ ಬಸ್ಸಿನಲ್ಲೇ ಮಾಲೀಕರು ಲೆಕ್ಕ ಹಾಕಿದ್ದರು. "ತಂಗಿ, ಬರೋ ತಿಂಗಳು ಬರ್ತದಂದ್ರ ಸುದ್ದಿ ಈಗೇ ಹಬ್ಬಿಸಬೇಕು. ಮುಂದ ಶಾದಿ ಸೀಜನ್ ಅದ. ಒಂದು ಹ್ಯಾಂಡ್‌ಬಿಲ್ ಹೊಡಿ. ಉರ್ದು-ಕನ್ನಡ ಕಾರ್ಡು ಕಂಪ್ಯೂಟರದಾಗ, ಒಂದೇ ದಿನದಾಗ ಅಂತ ಹಾಕು."

ಹಾಕಿದೆ. ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ಉರ್ದು ಸಾಲೂ ಬೇಕಲ್ಲ, ಓದಬೇಕಾದವರು ಉರ್ದು ಬಲ್ಲ ಮನೆಯವರೇ. ತಂತ್ರಾಂಶ ಇನ್ನೂ ಬಂದಿರಲಿಲ್ಲ. ಮಂಗಳವಾರ ಚಾಚಾ ಬಂದಾಗ ಅವರ ಮುಂದೆ ಕಾಗದ ಇಟ್ಟೆ.

"ಏನ್ ಬರೀಲಿ ಬೇಟಾ?"

ಕನ್ನಡದಲ್ಲಿ ಹೇಳಿದೆ. ಅವರು ಅದನ್ನು ಉರ್ದು ಮಾಡಿಕೊಂಡು ಬರೆದರು. ಚುಕ್ಕೆಗಳನ್ನಿಟ್ಟರು, ಊದಿದರು. ಆಮೇಲೆ ಕೇಳಿದರು, "ಖರೇನೇ ಕಂಪ್ಯೂಟರ್ ಬರೀತದೇನು?"

"ಹೌದ್ರಿ ಚಾಚಾ. ನಾ ಕಣ್ಣಾರೆ ನೋಡಿ ಬಂದೀನಿ."

"ನುಖ್ತಾ ಸುದ್ದಾ?" ನುಖ್ತಾ ಎಂದರೆ ಆ ಚುಕ್ಕೆಗಳು, ಅವೂ ಸೇರಿಯೇ ಎಂದು ಕೇಳಿದ್ದು.

"ನುಖ್ತಾ ಸುದ್ದಾ."

"ಅಚ್ಛಾ," ಎಂದರು. ಲೇಖನಿಗಳನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದರು. "ಹಂಗಾದ್ರ ಶನಿವಾರ ಬರಬೇಕೋ ಬ್ಯಾಡೋ?"

ಮಾಲೀಕರು ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಗೆ ಫಾರ್ಮುಗಳ ಆರ್ಡರು ಕೇಳಲು ಹೋಗಿದ್ದರು. ಚಾಚಾರಿಗೆ ಹೀಗೆ ಹೇಳು ಎಂದು ಅವರು ನನಗೆ ಏನೂ ಹೇಳಿರಲಿಲ್ಲ. ಬರ್ರಿ ಎಂದು ನಾನು ಅನ್ನಬಹುದಿತ್ತು. ಆದರೆ ಪ್ರೆಸ್ಸಿಗೆ ಹೊಸದನ್ನು ತರುತ್ತಿರುವವಳು ನಾನು ಎಂಬ ಜಂಬ ತಲೆಗೇರಿತ್ತು.

"ಬೇಕಾದ್ರ ಹೇಳಿ ಕಳಸ್ತೀವ್ರಿ ಚಾಚಾ," ಎಂದೆ.

ಅವರು ಗಂಟನ್ನು ಬಗಲಿಗೆ ಸೇರಿಸಿ, ಸಲಾಂ ಹೇಳಿ, ಮಧ್ಯಾಹ್ನದ ಗಾಡಿಗೆ ಹೋದರು.

ಬರುವ ತಿಂಗಳು ಬಂತು, ತಂತ್ರಾಂಶ ಬರಲಿಲ್ಲ. ನಾನು ಎಸ್‌ಟಿಡಿ ಬೂತಿಗೆ ಹೋಗಿ ಡೀಲರಿಗೆ ಫೋನ್ ಮಾಡಿದೆ. ಡಬ್ಬಿಯ ಮೇಲಿನ ಚಿತ್ರ ಅಚ್ಚಾಗುತ್ತಿದೆ ಎಂದ. ಮುಂದಿನ ಸಲ, ಹೊಸ ಲಾಕು ಬರಬೇಕು ಎಂದ. ಲಾಕು ಎಂದರೆ ಕಂಪ್ಯೂಟರಿನ ಹಿಂದೆ ಪ್ರಿಂಟರಿನ ವೈರು ಸಿಕ್ಕಿಸುವಲ್ಲಿ ಹಾಕುವ ಸಣ್ಣ ಡಬ್ಬಿ, ಅದಿಲ್ಲದೆ ತಂತ್ರಾಂಶ ತೆರೆಯುವುದಿಲ್ಲ. ಆಮೇಲೆ, ಕಂಪನಿಯಿಂದ ಹೊರಟಾಗಿದೆ, ಈ ವಾರ ಕೈ ಸೇರುತ್ತದೆ ಎಂದ. ಇಷ್ಟರಲ್ಲಿ ಜನ ಹ್ಯಾಂಡ್‌ಬಿಲ್ ಹಿಡಿದುಕೊಂಡು ಬರತೊಡಗಿದರು. ಅವರ ಉರ್ದುವನ್ನು ಮಾಲೀಕರು ಬಸ್ಸಿನ ಡ್ರೈವರ್ ಕೈಯಲ್ಲಿ ಹೈದರಾಬಾದಿಗೆ ಕಳಿಸಿ ಮಾಡಿಸಿಕೊಡುತ್ತಿದ್ದರು. ಅಲ್ಲಿ ಉರ್ದುವಿಗೆಂದೇ ಬೇರೆ ತಂತ್ರಾಂಶ ಇತ್ತು, ನಮ್ಮಂಥ ಸಣ್ಣ ಪ್ರೆಸ್ಸಿಗೆ ಎಟುಕದ್ದು. ಹೋಗಿ ಬರಲು ಎಂಟು ದಿನ ಹಿಡಿಯುತ್ತಿತ್ತು. ಜನ ಗೊಣಗುತ್ತಿದ್ದರು.

ಹಾಗಾದರೆ ಚಾಚಾರನ್ನು ಯಾಕೆ ಕರೆಸಲಿಲ್ಲ ಎಂದು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಡೀಲರ್ ಒಂದು ವರ್ಷ ಆಗುತ್ತದೆ ಎಂದಿದ್ದರೆ ಅಂದೇ ಕರೆಸುತ್ತಿದ್ದೆವು. ಅವನು ಪ್ರತಿ ವಾರ 'ಈ ವಾರ' ಎನ್ನುತ್ತಿದ್ದ. ಒಂದು ವಾರದ ಕೆಲಸಕ್ಕೆ ಅವರನ್ನು ಕರೆಸಿ ಮತ್ತೆ ಬೇಡ ಎನ್ನುವುದು ಹೇಗೆ ಎಂದು ಸುಮ್ಮನಿದ್ದೆವು. ಮೂಗಿಗೆ ತುಪ್ಪ ಸವರಿಸಿಕೊಂಡು ಐದು ತಿಂಗಳು ಹೀಗೇ ಕಳೆದೆವು.

ಐದನೆಯ ತಿಂಗಳು ಸಿಡಿ ಬಂತು. ನಮ್ಮ ಕಂಪ್ಯೂಟರಿಗೆ ಸಿಡಿ ಡ್ರೈವ್ ಇರಲಿಲ್ಲ, ಅದನ್ನು ತರಿಸಿ ಹಾಕಿಸಲು ಹನ್ನೆರಡು ದಿನ ಹೋಯಿತು. ಇನ್‌ಸ್ಟಾಲ್ ಮಾಡಿ, ಮೆನುವಿನಲ್ಲಿ ಉರ್ದು ಎಂದಿದ್ದನ್ನು ಒತ್ತಿ, ಪುಸ್ತಿಕೆ ನೋಡಿಕೊಂಡು ಒಂದು ಹೆಸರು ಟೈಪ್ ಮಾಡಿದೆ. ಉರ್ದು ಅಕ್ಷರ ಶಬ್ದದ ಮೊದಲಿಗೆ ಬಂದರೆ ಒಂದು ಆಕಾರ, ನಡುವೆ ಬಂದರೆ ಇನ್ನೊಂದು, ಕೊನೆಗೆ ಮತ್ತೊಂದು, ಒಂದರ ಕೈ ಒಂದು ಹಿಡಿದು ಬಲದಿಂದ ಎಡಕ್ಕೆ ಹೋಗಬೇಕು. ಚಾಚಾ ಬರೆಯುವುದನ್ನು ನೋಡಿ ನೋಡಿ ಓದಲು ಬಾರದ ನನಗೂ ಅಷ್ಟು ಗೊತ್ತಿತ್ತು. ಪರದೆಯ ಮೇಲೆ ಅಕ್ಷರಗಳು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಬಂದು ನಿಂತವು.

ಸಿಡಿಯಲ್ಲಿ ಪ್ಯಾಂಪ್ಲೆಟ್ಟಿನ ನಮೂನೆಯ ಕಡತವೂ ಇತ್ತು. ಅದನ್ನು ತೆರೆದೆ. ಅದೇ ಚೆಂದದ ಸಾಲು. ಇದರಲ್ಲಿ ಹೇಗೆ ಮಾಡಿದ್ದಾರೆ ನೋಡೋಣ ಎಂದು ಒಂದು ಅಕ್ಷರದ ಮೇಲೆ ಮೌಸ್ ಒತ್ತಿದೆ. ಅಕ್ಷರ ಸಿಗಲಿಲ್ಲ. ಇಡೀ ಸಾಲಿನ ಸುತ್ತ ಒಂದು ಚೌಕ ಎದ್ದಿತು, ನಾಲ್ಕು ಮೂಲೆಯಲ್ಲಿ ನಾಲ್ಕು ಕಪ್ಪು ಗುರುತು. ಅದು ಚಿತ್ರವಾಗಿತ್ತು. ಯಾರೋ ಕಾತಿಬರು ಕೈಯಲ್ಲಿ ಬರೆದದ್ದನ್ನು ಸ್ಕ್ಯಾನ್ ಮಾಡಿ ಕೂರಿಸಿದ್ದರು.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಾಲೀಕರನ್ನು ಕರೆದು ತೋರಿಸಿದೆ. ಅವರು ಹಣೆ ಒರೆಸಿಕೊಂಡು, "ಕಿವಿಗೆ ಹೂವು ಇಟ್ಟಾರಲ್ಲ ತಂಗಿ," ಎಂದರು. ಊರೆಲ್ಲ ಹಂಚಿದ ನಮ್ಮ ಹ್ಯಾಂಡ್‌ಬಿಲ್ಲಿನಲ್ಲೂ ಕಂಪ್ಯೂಟರ್ ಉರ್ದು ಎಂದು ಹಾಕಿದ ಸಾಲು ಚಾಚಾ ಕೈಯಲ್ಲಿ ಬರೆದದ್ದೇ. ಅದನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಂಪನಿಗೇ ನೇರ ಫೋನ್ ಮಾಡಿದೆ. ಅತ್ತ ಕಡೆಯ ದನಿ ನಯವಾಗಿತ್ತು. "ಆ ಫೀಚರ್ ಆಲ್‌ಮೋಸ್ಟ್ ರೆಡಿ ಇದೆ ಮೇಡಂ. ಪ್ಯಾಚ್ ಕಳಿಸ್ತೀವಿ." ಮೂರು ವಾರಕ್ಕೆ ಎರಡು ಫ್ಲಾಪಿ ಬಂದವು. ಒಂದು ತೆರೆಯಲಿಲ್ಲ. ಮತ್ತೆ ಫೋನ್, ಮತ್ತೆ ಕೊರಿಯರ್. ಕೊನೆಗೆ ಹಾಕಿ ನೋಡಿದರೆ ಅಕ್ಷರಗಳು ಕೂಡಿಕೊಂಡಿದ್ದವು, ಬಲದಿಂದ ಎಡಕ್ಕೆ ಸಾಗಿದ್ದವು, ಚುಕ್ಕೆಗಳೂ ಇದ್ದವು. ಓರೆ ಇಳಿಜಾರು ಇರಲಿಲ್ಲ, ಸಪಾಟಾಗಿತ್ತು. ಪರವಾಗಿಲ್ಲ ಎಂದುಕೊಂಡೆವು. ಆ ಹೊತ್ತಿಗೆ ನಾವು ಪರವಾಗಿಲ್ಲ ಎನ್ನುವ ಸ್ಥಿತಿಗೆ ಬಂದಿದ್ದೆವು.

ಆಗಲೇ ಚಿಂಚೋಳಿಯಿಂದ ಬಟ್ಟೆ ಅಂಗಡಿಯ ಹಿರಿಯರೊಬ್ಬರು ಮಗನ ಮದುವೆಯ ಕಾರ್ಡಿಗೆ ಬಂದರು. ಬರೆದು ತಂದಿದ್ದ ಕಾಗದವನ್ನು ನೋಡಿ, ಒಂದೊಂದೇ ಆಕಾರ ಹೋಲಿಸುತ್ತಾ ನಾನು ಟೈಪ್ ಮಾಡಿದೆ. ಎರಡು ದಿನ ಹಿಡಿಯಿತು. ಪರದೆಯ ಮೇಲೆ ಎಲ್ಲ ಸರಿಯಿತ್ತು. ಪ್ರಿಂಟು ತೆಗೆದೆ, ಪ್ಲೇಟು ಆಯಿತು, ನಾನೂರು ಕಾರ್ಡು ಅಚ್ಚಾಯಿತು. ಪ್ರಿಂಟನ್ನು ಪರದೆಯ ಪಕ್ಕ ಹಿಡಿದು ಚುಕ್ಕೆ ಚುಕ್ಕೆಯಾಗಿ ನೋಡಬೇಕೆಂದು ನನಗೆ ತಿಳಿಯಲಿಲ್ಲ. ಕನ್ನಡದಲ್ಲಿ ಹಾಗೆ ನೋಡುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ.

ಮೂರನೆಯ ದಿನ ಹಿರಿಯರು ಕಟ್ಟನ್ನು ಹಾಗೇ ಹಿಡಿದುಕೊಂಡು ಬಂದರು. ಕೂಗಾಡಲಿಲ್ಲ. ಒಂದು ಕಾರ್ಡು ತೆಗೆದು ನನ್ನ ಮೇಜಿನ ಮೇಲಿಟ್ಟು, "ಓದ್ರಿ ನೋಡಮು," ಎಂದರು.

"ನನಗ ಉರ್ದು ಬರಂಗಿಲ್ರಿ."

"ಇವರಿಗೆ ಬರ್ತದೇನು?" ಮಾಲೀಕರ ಕಡೆ ನೋಡಿದರು. ಮಷಿನ್‌ಮ್ಯಾನ್ ಕಡೆ ನೋಡಿದರು. "ಓದಾಕ ಬರೋರು ಒಬ್ಬರೂ ಇಲ್ಲಂದ್ರ ಛಾಪಸ್ತೀರಿ ಹ್ಯಾಂಗ? ಇದು ಉರ್ದು ಅಲ್ರಿ. ನುಖ್ತಾ ಎಲ್ಲಾ ಒಂದೊಂದು ಮನಿ ಆಚೀಗಿ ಹೋಗ್ಯಾವ. ನನ್ನ ಮಗನ ಹೆಸರೇ ಇದರಾಗ ಇಲ್ಲ."

ನಾನೂರು ಕಾರ್ಡನ್ನೂ ಅವರು ನಮ್ಮ ಮುಂದೆಯೇ ಬಿಟ್ಟು ಹೋದರು. ಪರದೆಯಲ್ಲಿ ಸರಿಯಿದ್ದ ಚುಕ್ಕೆಗಳು ಪ್ರಿಂಟರಿಗೆ ಹೋಗುವಾಗ ಒಂದಕ್ಷರ ಎಡಕ್ಕೆ ಜರುಗಿದ್ದವು. ಡೀಲರನ್ನು ಕೇಳಿದರೆ, "ಅದು ಗೊತ್ತಿದ್ದ ಪ್ರಾಬ್ಲಂ ಅದ್ರಿ ಮೇಡಂ, ಮುಂದಿನ ವರ್ಷನ್‌ದಾಗ ಸರಿ ಮಾಡ್ಲಿಕತ್ತಾರ," ಎಂದ. ಫೋನಿಟ್ಟು ಬಂದು ಮತ್ತೊಂದು ಕೆಲಸ ಹಿಡಿದೆ. ಯಾವುದೋ ಶಾಲೆಯ ಪ್ರಶ್ನೆಪತ್ರಿಕೆ.

ಚಾಚಾರನ್ನು ಕರೆತರೋಣ ಎಂದು ಮಾಲೀಕರಿಗೆ ಹೇಳಿದೆ. "ಕಂಪ್ಯೂಟರ್ ಅಂತ ಊರ ತುಂಬ ಹಂಚೀವಿ. ಈಗ ಮತ್ತ ಕರೆಸಿದ್ರ ಮರ್ಯಾದಿ ಏನು ಉಳೀತದ?" ಎಂದರು. ಆಮೇಲೆ ನಾನೂರು ಕಾರ್ಡಿನ ಕಟ್ಟನ್ನು ಮೇಜಿನಡಿ ಸರಿಸಿ, "ಹೋಗಿ ಕರಿ," ಎಂದರು.

ಭಾನುವಾರ ಚಿತ್ತಾಪುರಕ್ಕೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಕಾತಿಬ್ ಸಾಹೇಬರ ಮನೆ ಎಂದರೆ ಎಲ್ಲರಿಗೂ ಗೊತ್ತಿತ್ತು. ಚಾಚಾ ಇರಲಿಲ್ಲ. ಅವರ ಹೆಂಡತಿ ಬಾಗಿಲಿಗೆ ಬಂದರು. ಒಳಗೆ ಮಗಳು ಹೊಲಿಗೆ ಯಂತ್ರ ನಿಲ್ಲಿಸಿ ನೋಡುತ್ತಿದ್ದಳು.

"ಶಹಾಬಾದಿಗೆ ಹೋಗ್ಯಾರ. ಫರ್ಸಿ ಪಾಲಿಶ್ ಮಾಡೋ ಮಷಿನ್ನಿಗೆ. ವಾರಗಟ್ಟಲೆ ಅಲ್ಲೇ ಇರ್ತಾರ," ಎಂದರು ಚಾಚಿ. ಫರ್ಸಿ ಎಂದರೆ ಶಹಾಬಾದಿನ ಕಲ್ಲು, ನಮ್ಮ ಕಡೆ ಎಲ್ಲ ಮನೆಗಳ ನೆಲಕ್ಕೂ ಅದೇ. "ನೀ ಹೇಳಿ ಕಳಸ್ತೀನಂದಿದ್ದೆಂತಲ್ಲ ಬೇಟಿ. ನಾಕು ತಿಂಗಳು ಮಂಗಳವಾರ ಬಂತಂದ್ರ ಮುಂಜಾನೆ ಧೋಬಿ ಮಾಡಿದ ಶೇರವಾನಿ ಹಾಕ್ಕೊಂಡು, ಖಲಂ ಗಂಟು ಬಗಲಾಗ ಇಟ್ಕೊಂಡು ಇಲ್ಲೇ ಕುಂದ್ರತಿದ್ರು. ಗಾಡಿ ಹೋದ ಮ್ಯಾಲ ಒಳಗ ಬಂದು ಅರಿವಿ ಬಿಚ್ಚಿಡತಿದ್ರು. ಇನ್ನೆಷ್ಟು ದಿನ ಕುಂದ್ರತಾರ ಹೇಳು."

ನನಗೆ ಬಹಳ ನಾಚಿಕೆಯಾಯಿತು. ಚಾಚಾ ಬಂದಾಗ ಪ್ರೆಸ್ಸಿಗೆ ಬರಬೇಕಂತೆ ಎಂದು ಹೇಳಿರಿ ಎಂದೆ, ಯಾಕೆಂದು ಹೇಳಲಿಲ್ಲ. ಅವರು ಚಹಾ ಕುಡಿದು ಹೋಗು ಎಂದರು. ಕುಡಿದೆ.

ಸ್ಟೇಷನ್ನಿಗೆ ಬಂದು ಕೂತಾಗ ವಾಡಿ ಕಡೆಯ ಗಾಡಿ ಮೊದಲು ಬಂತು. ಅದನ್ನು ಹತ್ತಿ ವಾಡಿಯಲ್ಲಿ ಗಾಡಿ ಬದಲಿಸಿದರೆ ಶಹಾಬಾದ್ ದೂರವೇನಲ್ಲ. ಆ ಕಲ್ಲಿನ ಧೂಳಿನ ನಡುವೆ ನಿಂತು ಅವರಿಗೆ ಏನು ಹೇಳುವುದು ಎಂದು ಯೋಚಿಸುತ್ತಾ ಕೂತಿದ್ದೆ. ಗಾಡಿ ಹೊರಟಿತು. ಸೇಡಂ ಕಡೆಯ ಗಾಡಿಗೆ ಮನೆಗೆ ಬಂದೆ.

ಚಾಚಾ ಬರಲಿಲ್ಲ. ಕಂಪನಿಗೆ ನಾನು ಎರಡು ಪುಟದ ಪತ್ರ ಬರೆದೆ. ಏನೇನು ಹೇಳಿದ್ದರು, ಏನೇನು ಬಂತು, ಚಿಂಚೋಳಿಯ ಕಾರ್ಡು ಏನಾಯಿತು, ಎಲ್ಲ. ಉತ್ತರವಾಗಿ ದೊಡ್ಡ ಲಕೋಟೆ ಬಂತು. ಒಳಗೆ ಪತ್ರವಿರಲಿಲ್ಲ. ಇನ್ನೂ ದಪ್ಪ ಕಾಗದದ ಹೊಸ ಪ್ಯಾಂಪ್ಲೆಟ್ಟು ಇತ್ತು. ಮುಂದಿನ ಆವೃತ್ತಿ ಬರುವ ತಿಂಗಳು, ಅದರಲ್ಲಿ ಕನ್ನಡದ್ದನ್ನು ಉರ್ದುವಿಗೆ ತಾನೇ ಬದಲಿಸಿಕೊಡುವ ಸೌಲಭ್ಯವೂ ಇರುತ್ತದೆ ಎಂದಿತ್ತು.

ಅದನ್ನು ಮಾಲೀಕರಿಗೆ ತೋರಿಸಲಿಲ್ಲ. ಹರಿದು ಬುಟ್ಟಿಗೆ ಹಾಕಿ, ಕಂಪ್ಯೂಟರ್ ಮುಂದೆ ಕೂತು ದೊಡ್ಡ ಅಕ್ಷರದಲ್ಲಿ ಒಂದು ಬೋರ್ಡು ಮಾಡಿದೆ: 'ನಮ್ಮಲ್ಲಿ ಉರ್ದು ಕೆಲಸ ತೆಗೆದುಕೊಳ್ಳುವುದಿಲ್ಲ'. ಮಾಲೀಕರ ಮುಂದಿಟ್ಟು, ಇದನ್ನು ಬಾಗಿಲಿಗೆ ಹಚ್ಚದಿದ್ದರೆ ನಾಳೆಯಿಂದ ನಾನು ಬರುವುದಿಲ್ಲ ಎಂದೆ. ಬರುವ ಗಿರಾಕಿಯನ್ನು ಬಾಗಿಲಲ್ಲೇ ಬೇಡ ಎನ್ನುವುದು ಅವರ ಜೀವಮಾನದಲ್ಲಿ ಇರಲಿಲ್ಲ. ಕೊನೆಗೆ ತಾವೇ ಗೋಂದು ಹಚ್ಚಿ ಅಂಟಿಸಿದರು. ನಾನು ಮಾಡಿದ ಒಂದು ಒಳ್ಳೆಯ ಕೆಲಸ ಅದು ಎಂದುಕೊಂಡಿದ್ದೆ. ಬೋರ್ಡು ಕನ್ನಡದಲ್ಲಷ್ಟೇ ಇತ್ತು. ಉರ್ದುವಿನಲ್ಲಿ ಬರೆಯುವವರು ಯಾರಿದ್ದರು?

ಮಳೆಗಾಲ ಕಳೆದು ಒಂದು ಮಂಗಳವಾರ ಬೆಳಿಗ್ಗೆ ಚಾಚಾ ಆ ಬೋರ್ಡಿನ ಪಕ್ಕದಿಂದಲೇ ಒಳಗೆ ಬಂದರು. ಕನ್ನಡ ಸರಾಗವಾಗಿ ಮಾತಾಡುತ್ತಿದ್ದರು, ಆದರೆ ಓದಲು ಕಲಿತವರಲ್ಲ. ಇಳಿದುಹೋಗಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಾನು ಎದ್ದು ನಿಂತೆ.

"ಕುಂದ್ರು ಬೇಟಾ. ಮಗಳ ನಿಕಾಹ್ ನಿಕ್ಕಿ ಆತು. ಮುಂದಿನ ವಾರ. ಹುಡುಗನ ಮನಿಯವರು ಅವಸರ ಮಾಡಾಕತ್ತಾರ. ಕಾರ್ಡ್ ಛಾಪಸಬೇಕು." ಗಿರಾಕಿಯಂತೆ ಮೇಜಿನ ಈಚೆ ಬದಿ ಕೂತು, ಕಿಸೆಯಿಂದ ಒಂದು ಚೀಟಿ ತೆಗೆದರು. "ಉರ್ದು ಕಂಪ್ಯೂಟರದಾಗೇ ಹೊಡಿ. ಸಂಜೀಕಿ ಒಯ್ತೀನಿ, ನಾಳೆಯಿಂದ ಹಂಚಬೇಕು. ಒಂದೇ ದಿನದಾಗ ಆಗ್ತದಂತ ನಾನೇ ಬರ್ದು ಕೊಟ್ಟೀನಲ್ಲ."

ನಾನು ಹೇಳಿದೆ. ಆ ಉರ್ದು ಬರಲೇ ಇಲ್ಲ, ಬಂದದ್ದು ಓದಲು ಆಗುವಂಥದ್ದಲ್ಲ ಎಂದೆ. ಹೈದರಾಬಾದಿಗೆ ಕಳಿಸಿದರೆ ಎಂಟು ದಿನ ಎಂದೆ. ಅವತ್ತು ನಿಮಗೆ ಬರಬೇಡಿ ಎಂದವಳು ನಾನು, ಮಾಲೀಕರಲ್ಲ ಎಂದೂ ಹೇಳಿದೆ. ಅವರು ಎಲ್ಲವನ್ನೂ ಕೇಳಿದರು.

"ಬರಲೇ ಇಲ್ಲಾ?"

"ಇಲ್ರಿ ಚಾಚಾ."

ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಖಲಂ ಅದ ಏನು?" ಎಂದರು. ಬೊರುವಿನದು ಇರಲಿಲ್ಲ. ಚಪ್ಪಟೆ ತುದಿಯ ಸ್ಕೆಚ್ ಪೆನ್ನು ಕೊಟ್ಟೆ, ಬಟರ್ ಪೇಪರು ಕೊಟ್ಟೆ. ಅವರು ನೆಲಕ್ಕಿಳಿದು ಕಿಟಕಿಯ ಪಕ್ಕ ಕೂತು ಮೊಣಕಾಲೆತ್ತಿದರು. ಪೆನ್ನು ಹಿಡಿದಾಗ ಅವರ ಹೆಬ್ಬೆರಳು ತೋರುಬೆರಳಿಗೆ ಪೂರ್ತಿ ತಾಗಲಿಲ್ಲ. ವರ್ಷಗಟ್ಟಲೆ ಅದುರುವ ಪಾಲಿಶ್ ಮಷಿನ್ ಹಿಡಿದ ಕೈಗಳನ್ನು ಆಮೇಲೆ ಬೇರೆಯವರಲ್ಲೂ ನೋಡಿದ್ದೇನೆ. ಚಾಚಾ ಅದನ್ನು ಹಿಡಿದು ಒಂದು ವರ್ಷವೂ ಆಗಿರಲಿಲ್ಲ, ಆದರೆ ವಯಸ್ಸಾಗಿತ್ತು. ಒಂದು ಸಾಲು ಬರೆದು ದೂರ ಹಿಡಿದು ನೋಡಿದರು. ಮಡಿಸಿ ಕಿಸೆಗೆ ಹಾಕಿಕೊಂಡರು. ಇನ್ನೊಂದು ಬರೆದು ಅದನ್ನೂ ಮಡಿಸಿದರು. ಮೂರನೆಯದರಲ್ಲಿ ಅಕ್ಷರಗಳನ್ನು ಮುಗಿಸಿ, ಚುಕ್ಕೆ ಇಡುವ ಮೊದಲೇ ಪೆನ್ನಿನ ಟೋಪಿ ಹಾಕಿದರು.

"ಕನ್ನಡದಾಗೇ ಇರ್ಲಿ ಬೇಟಾ."

"ಹೈದರಾಬಾದಿನ ನೆಂಟರಿಗೆ, ಚಾಚಾ?"

"ಬಾಯಿಲೇ ಹೇಳ್ತೀನಿ."

ಟೈಪ್ ಮಾಡಿದೆ. ಅವರು ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. ಚೌಕಟ್ಟು ಬಿಡುವುದು ಬೇಕಿರಲಿಲ್ಲ, ಸಾಲುಗಳನ್ನು ಕಾರ್ಡಿನ ನಡುವಿಗೆ ತಂದೆ. ಪ್ರಿಂಟು ತೆಗೆದು ಕೈಗೆ ಕೊಟ್ಟಾಗ ಅವರು ಅದನ್ನು ಬೆಳಕಿಗೆ ಹಿಡಿದು ಮೇಲಿಂದ ಕೆಳಗೆ ನೋಡಿದರು. ಎಷ್ಟೋ ಮನೆಗಳ ಕಾರ್ಡಿನ ಪ್ರೂಫನ್ನು ಅವರು ಹಾಗೇ ನೋಡುವುದನ್ನು ನಾನು ಕಂಡಿದ್ದೆ.

"ಓದಿ ಹೇಳು," ಎಂದರು.

ಓದಿದೆ. ಊರು, ದಿನ, ಹೊತ್ತು, ಹುಡುಗನ ಅಪ್ಪನ ಹೆಸರು, ಎಲ್ಲಕ್ಕೂ ತಲೆಯಾಡಿಸಿದರು. ಮುಗಿದ ಮೇಲೂ ಕಾಗದ ಬಿಡಲಿಲ್ಲ.

"ಇದರಾಗ ನನ್ನ ಮಗಳ ಹೆಸರು ಯಾವುದು? ಬೆರಳಿಟ್ಟು ತೋರ್ಸು."

ನಾನು ಬೆರಳಿಟ್ಟು ತೋರಿಸಿದೆ.